ಹೆಡ್ ಕೂರದ ಮೂರು ಟಾಮ್‌ಗಳು

ಆಂಟಿ ಬಳೇಪೇಟೆಯ ನಮ್ಮ ಅಂಗಡಿಗೆ ಬಂದಾಗ ಕೈಯಲ್ಲಿ ಡ್ರಮ್ ಇರಲಿಲ್ಲ, ಎರಡು ಕೋಲು ಮಾತ್ರ ಇದ್ದವು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಹಾರ್ಮೋನಿಯಂ, ತಬಲಾ ಅಂಗಡಿಗಳ ಆ ಸಾಲಿನಲ್ಲಿ ಡ್ರಮ್ ಸೆಟ್ ರಿಪೇರಿ ಮಾಡುವ ಹೆಂಗಸು ನಾನೊಬ್ಬಳೇ. ಹೊಸಬರು ಬಂದರೆ ಮೊದಲು ನನ್ನ ಬೆನ್ನ ಹಿಂದೆ ಇಣುಕಿ, ಗಂಡಸರು ಯಾರಾದರೂ ಇದ್ದಾರೆಯೇ ಎಂದು ನೋಡುತ್ತಾರೆ. ಈಕೆ ಇಣುಕಲಿಲ್ಲ. ನೂಲಿನ ಸೀರೆ, ನರೆತ ಜಡೆ, ತೋಳಿನಲ್ಲಿ ವೈರ್ ಬುಟ್ಟಿ. ಸ್ಟೂಲ್ ಎಳೆದು ಕೂತು ನನ್ನ ಮೇಜಿನ ಮೇಲೆ ಒಂದು ರೋಲ್ ಬಾರಿಸಿದರು. ಬಲಗೈ ಚುರುಕಾಗಿತ್ತು, ಎಡ ಮಣಿಕಟ್ಟು ಸ್ವಲ್ಪ ಹಿಂದೆ ಬೀಳುತ್ತಿತ್ತು.

"ನನ್ನ ಡ್ರಮ್ಸಿಗೆ ವಯಸ್ಸೆಷ್ಟು ಅಂತ ನೀನು ಹೇಳ್ಬೇಕು," ಎಂದರು. "ಎಲ್ಲರ ಮುಂದೆ. ಧೈರ್ಯ ಇದೆಯಾ?"

"ಡ್ರಮ್ಸ್ ಎಲ್ಲಿದೆ ಆಂಟಿ?"

"ಕಳ್ಳರ ಹತ್ರ ಇದೆ. ಬಾ, ತೋರಿಸ್ತೀನಿ."

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲೂ ಬೀದಿಯಲ್ಲೂ ಹೆಸರು. ಇವರನ್ನು ನೋಡಿದ ಮೇಲೆ ನಾನು ಪರವಾಗಿಲ್ಲ ಅನ್ನಿಸಿತು.

ಚಾಮರಾಜಪೇಟೆಗೆ ಹೋಗುವ ದಾರಿಯಲ್ಲಿ ಆಟೋದಲ್ಲಿ ಕಥೆ ಹೇಳಿದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಪ್ರಾಯದಲ್ಲಿ ಗೆಳತಿಯರೊಡನೆ ಹೆಂಗಸರದ್ದೇ ಒಂದು ಆರ್ಕೆಸ್ಟ್ರಾ ಕಟ್ಟಿಕೊಂಡಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮದುವೆ ಆರತಕ್ಷತೆ, ಗಣೇಶನ ಪೆಂಡಾಲು ಎಂದು ಊರೆಲ್ಲ ಡ್ರಮ್ಸ್ ಬಾರಿಸಿದ್ದರು. ಅರವತ್ತರ ದಶಕದಲ್ಲಿ ದಂಡಿನ ಕಡೆಯ ಕ್ಲಬ್ಬೊಂದರಲ್ಲಿ ನುಡಿಸುತ್ತಿದ್ದ ಆಂಗ್ಲೋ ಇಂಡಿಯನ್ ಡ್ರಮ್ಮರ್ ಸಂಸಾರ ಸಮೇತ ಆಸ್ಟ್ರೇಲಿಯಾಕ್ಕೆ ಹೊರಟು ನಿಂತಾಗ, ಅವರ ಸೆಟ್ಟನ್ನು ಇವರು ಕೊಂಡರು. ಎಷ್ಟೋ ವರ್ಷದ ಮೇಲೆ ಆರ್ಕೆಸ್ಟ್ರಾ ಚೆದುರಿತು, ತಾಯಿ ಹಾಸಿಗೆ ಹಿಡಿದರು, ಮನೆಯಲ್ಲಿ ಸದ್ದು ಮಾಡುವಂತಿರಲಿಲ್ಲ. ಅದು ಎಪ್ಪತ್ತರ ದಶಕದ ಕೊನೆ, ಅದೇ ಬೀದಿಯ ಹುಡುಗರು ಆಗತಾನೇ ಒಂದು ಯುವಕ ಸಂಘ ಮಾಡಿಕೊಂಡಿದ್ದರು. ಆ ಸಲದ ಗಣೇಶನ ಹಬ್ಬಕ್ಕೆಂದು ಸೆಟ್ಟನ್ನು ಅವರಿಗೆ ಕೊಟ್ಟರು.

"ವಾಪಸ್ ಕೇಳ್ದಾಗೆಲ್ಲ, ಈ ವರ್ಷ ಇರ್ಲಿ ಅಕ್ಕ, ಈ ವರ್ಷ ಇರ್ಲಿ ಅಕ್ಕ. ಚಡ್ಡಿ ಹಾಕ್ಕೊಂಡು ನಮ್ಮನೆ ಸೀಬೆ ಮರ ಹತ್ತುತ್ತಿದ್ದೋರು. ಈಗ ಅವರು ಪದಾಧಿಕಾರಿಗಳು."

ಈಗ ಸಂಘದ ಕಟ್ಟಡಕ್ಕೆ ದೇಣಿಗೆ ಕೊಡುವವರೊಬ್ಬರು ಹೊಸ ಹೋಟೆಲು ತೆರೆಯುವವರಿದ್ದರು. ಮೂಲೆಯಲ್ಲಿ ಬಿದ್ದ ಹಳೇ ಡ್ರಮ್ಸ್ ಅವರ ಕಣ್ಣಿಗೆ ಬಿತ್ತು. ಟಾಮ್ ಎನ್ನುವ ಮಧ್ಯಮ ಗಾತ್ರದ ಡ್ರಮ್‌ಗಳಿಗೆ ತೂತು ಕೊರೆದು ಹೋಟೆಲಿಗೆ ದೀಪದ ಬುಟ್ಟಿ ಮಾಡುವುದು, ದೊಡ್ಡ ಬಾಸ್ ಡ್ರಮ್ಮನ್ನು ಮೇಜು ಮಾಡುವುದು ಎಂದು ಮಾತಾಗಿತ್ತು. ಸುದ್ದಿ ತಿಳಿದು ಆಂಟಿ ಸಂಘಕ್ಕೆ ನುಗ್ಗಿದ್ದರು. ಕಾರ್ಯದರ್ಶಿ ಮುಖಕ್ಕೆ ಹೊಡೆದಂತೆ ಹೇಳಿದ್ದರು: ಇದು ಸಂಘದ ಆಸ್ತಿ, ಸಂಘ ಶುರುವಾದ ಮೇಲೆ ಅಂಗಡಿಯಿಂದ ಹೊಸದಾಗಿ ತಂದದ್ದು, ಸುತ್ತಿದ್ದ ಪೇಪರ್ ಬಿಚ್ಚಿದ್ದೇ ನಾನು. ಯಾರ ಹತ್ತಿರವೂ ಒಂದು ರಸೀದಿಯಿಲ್ಲ. ಕೊನೆಗೆ ಕಮಿಟಿಯ ಹಿರಿಯರೊಬ್ಬರು ದಾರಿ ಹುಡುಕಿದರು. ಸೆಟ್ಟಿಗೆ ಸಂಘಕ್ಕಿಂತ ಹೆಚ್ಚು ವಯಸ್ಸಾಗಿದ್ದರೆ ಆಂಟಿ ತೆಗೆದುಕೊಂಡು ಹೋಗಲಿ, ಇಲ್ಲದಿದ್ದರೆ ಸುಮ್ಮನಾಗಲಿ. ಗೊತ್ತಿರುವವರನ್ನು ಎರಡೂ ಕಡೆಯವರು ಕರೆತರಲಿ.

"ಸಿಕ್ಕಿದ್ರೆ ಏನ್ ಮಾಡ್ತೀರಾ ಆಂಟಿ?"

"ಬಾರಿಸ್ತೀನಿ. ಇನ್ನೇನು, ಹೂವಿನ ಕುಂಡ ಇಡ್ತೀನಾ? ಪಕ್ಕದ ಬೀದಿ ಪೆಂಡಾಲಲ್ಲಿ ನಮಗೆ ಒಂದು ಸಂಜೆ ಕೊಟ್ಟಿದಾರೆ. ಉಳಿದಿರೋರು ನಾವು ನಾಲ್ಕು ಜನ. ಗಣೇಶನ ಹಬ್ಬಕ್ಕೆ ಜಾಸ್ತಿ ದಿನ ಇಲ್ಲ."

ಸೆಟ್ಟು ಸಂಘದ ಹಾಲಿನ ಮೂಲೆಯಲ್ಲಿತ್ತು. ಪ್ರತಿ ಆಯುಧಪೂಜೆಗೂ ಹುಡುಗರು ಗೇಟು, ಬೀರುವಿಗೆ ಹೊಡೆದು ಉಳಿದ ಎನಾಮಲ್ ಪೇಂಟನ್ನು ಡ್ರಮ್ಸಿಗೂ ಬಳಿದಿದ್ದರು. ಹಸಿರಿನ ಮೇಲೆ ಕೆಂಪು, ಕೆಂಪಿನ ಮೇಲೆ ಬೆಳ್ಳಿ ಬಣ್ಣ. ಅದರ ಮೇಲೆ ವಿಭೂತಿಯ ಗೆರೆ, ಅರಿಶಿನ, ಕುಂಕುಮ. ಸ್ಕ್ರೂಗಳ ತಲೆಯಲ್ಲಿ ಕುಂಕುಮ ಗಟ್ಟಿಯಾಗಿ ಕೂತು ಸ್ಕ್ರೂಡ್ರೈವರ್ ಹಿಡಿಯಲು ಜಾಗವಿರಲಿಲ್ಲ. ಕಂಪನಿಯ ಬಿಲ್ಲೆ ಇರಬೇಕಾದ ಕಡೆ ಬರೀ ತೂತು.

ಕಾರ್ಯದರ್ಶಿ ಕರೆಸಿದ್ದವರು ಫಾರಿನ್ ವಾದ್ಯಗಳ ದೊಡ್ಡ ಷೋರೂಮಿನ ಮ್ಯಾನೇಜರ್. ಒಳ್ಳೆಯ ಮಾತಿನ ಮನುಷ್ಯ. ಹೊಸ ಪ್ಲಾಸ್ಟಿಕ್ ಹೆಡ್‌ಗಳನ್ನು ತಂದಿದ್ದರು. ಹೆಡ್ ಎಂದರೆ ಡ್ರಮ್ಮಿನ ಬಾಯಿಗೆ ಹಾಕುವ ಹಾಳೆ, ಹಿಂದೆ ಚರ್ಮದ್ದಿರುತ್ತಿತ್ತು. ಸ್ನೇರ್ ಎನ್ನುವ ಚಪ್ಪಟೆ ಡ್ರಮ್ಮಿಗೆ ಹೆಡ್ ಕೂತಿತು. ಬಾಸ್ ಡ್ರಮ್ಮಿಗೂ ಕೂತಿತು. ಟಾಮ್ ಮೂರಿದ್ದವು, ಎರಡು ಚಿಕ್ಕವು, ಒಂದು ಕಾಲಿನ ಮೇಲೆ ನಿಲ್ಲುವಂಥದ್ದು. ಮೂರರಲ್ಲಿ ಒಂದಕ್ಕೂ ಕೂರಲಿಲ್ಲ. ಹಿಂಡಿದರೂ ಇಳಿಯಲಿಲ್ಲ.

"ಲೋಕಲ್ ಮಾಲು," ಎಂದರು. "ಉತ್ತರದ ಕಡೆ ಗುಡಿ ಕೈಗಾರಿಕೆಯವರು ಮಾಡ್ತಾರೆ. ಅಳತೆ ಸರಿ ಇರಲ್ಲ. ಎಂಬತ್ತರ ಈಚೆಗೆ ಬಂದಿರಬೇಕು."

ಎಲ್ಲರೂ ನಕ್ಕರು. ಬಳೇಪೇಟೆಯಲ್ಲಿ ಹುಟ್ಟಿ ಬೆಳೆದ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ನಾವು ಡ್ರಮ್ ಕೈಗೆ ಬಂದ ಕೂಡಲೇ ಮಾಡುವ ಮೊದಲ ಕೆಲಸವೇ ಹೆಡ್ ಇಟ್ಟು ನೋಡುವುದು. ಕೂತರೆ ಫಾರಿನ್, ಕೂರದಿದ್ದರೆ ಲೋಕಲ್. ಆಂಟಿ ನನ್ನ ಮುಖ ನೋಡಿದರು. ಒಳಗೊಳಗೇ ಅಳುಕಿತು, ಆದರೂ ಅಲ್ಲಿ ನಗುತ್ತಿದ್ದವರ ಮುಂದೆ ಹೌದು ಎನ್ನಲು ನನಗೆ ಮನಸ್ಸಾಗಲಿಲ್ಲ.

"ಬಿಚ್ಚಿ ನೋಡದೆ ನಾನು ಏನೂ ಹೇಳಲ್ಲ," ಎಂದೆ. "ಮುಂದಿನ ಭಾನುವಾರ ಹೇಳ್ತೀನಿ."

"ಬಿಚ್ಚಿ ನೋಡಿ ಮೇಡಂ, ಆದ್ರೆ ಇಲ್ಲೇ ನೋಡಿ," ಎಂದರು ಕಾರ್ಯದರ್ಶಿ. "ವಸ್ತು ಹಾಲ್ ಬಿಟ್ಟು ಆಚೆ ಹೋಗಲ್ಲ."

ಆ ವಾರ ಬೆಳಗ್ಗೆ ಅಂಗಡಿ, ಮಧ್ಯಾಹ್ನದ ಮೇಲೆ ಸಂಘದ ಹಾಲು. ಕೇರಂ ಆಡುವವರ ಪಕ್ಕದಲ್ಲಿ ನೆಲದ ಮೇಲೆ ಗೋಣಿತಾಟು ಹಾಸಿಕೊಂಡು ಕೂರುತ್ತಿದ್ದೆ. ಆಂಟಿ ಫ್ಲಾಸ್ಕಿನಲ್ಲಿ ಕಾಫಿ ತಂದು ಎದುರಿಗೆ ಕುರ್ಚಿ ಹಾಕಿಕೊಳ್ಳುತ್ತಿದ್ದರು.

ಮೊದಲು ಸೀಮೆಎಣ್ಣೆ ಬಿಟ್ಟು ಕುಂಕುಮ ಕರಗಿಸಿ ಸ್ಕ್ರೂ ತೆಗೆದೆ. ಎಲ್ಲವೂ ಇಲ್ಲಿಯ ಸ್ಕ್ರೂಗಳೇ. ಬೋಲ್ಟು ಹಿಡಿಯಲು ಡ್ರಮ್ಮಿನ ಮೈಗೆ ಲೋಹದ ಪುಟ್ಟ ಗೂಡುಗಳಿರುತ್ತವೆ, ಲಗ್ ಎನ್ನುತ್ತೇವೆ. ಅದರಲ್ಲೊಂದನ್ನು ಬಿಚ್ಚಿ ತಿರುಗಿಸಿದರೆ ಒಳಗೆ ಹಿತ್ತಾಳೆ. ನೋಡಿದ ತಕ್ಷಣ ಗೊತ್ತಾಯಿತು, ಅದು ನಮ್ಮಪ್ಪನ ಕೈಕೆಲಸ. ಫಾರಿನ್ ಲಗ್ ಒಡೆದರೆ ಬೇರೆಯದು ಸಿಗದ ಕಾಲದಲ್ಲಿ ಅಪ್ಪ ದೇವರ ವಿಗ್ರಹ ಎರಕ ಹೊಯ್ಯುವವರ ಹತ್ತಿರ ಅದೇ ಅಚ್ಚಿನಲ್ಲಿ ಲಗ್ ಮಾಡಿಸುತ್ತಿದ್ದರು. ಖುಷಿಗೆ ಬಾಯಿಬಿಟ್ಟು ಹೇಳಿಬಿಟ್ಟೆ.

"ನೋಡಿದ್ರಾ," ಎಂದರು ಕೇರಂ ಬೋರ್ಡಿನಿಂದಲೇ ಕಾರ್ಯದರ್ಶಿ. "ನಿಮ್ಮಪ್ಪಾಜಿನೇ ಪೂರ್ತಿ ಸೆಟ್ ಮಾಡಿರಬೇಕು. ನಾವು ತಂದಿದ್ದೂ ಬಳೇಪೇಟೆಯಿಂದಾನೇ."

ನಾಲಿಗೆ ಕಚ್ಚಿಕೊಂಡೆ. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು, ಕೇಳಲು ಅವರಿಲ್ಲ.

ಆದರೆ ಲಗ್ ಕೂತಿದ್ದ ಜಾಗದಲ್ಲಿ ಬ್ರಷ್ ತಾಗಿರಲಿಲ್ಲ. ಬೆರಳಿನಷ್ಟಗಲ ಜಾಗದಲ್ಲಿ ಹಸಿರು, ನೀಲಿ ಬೆರೆತ ಮುತ್ತಿನ ಹೊಳಪು. ಡ್ರಮ್ಮಿನ ಮೈಗೆ ಕಂಪನಿಯವರು ಸುತ್ತುವ ಪ್ಲಾಸ್ಟಿಕ್ ಹೊದಿಕೆ ಅದು. ಆಂಟಿಯ ಕಡೆ ಹಿಡಿದೆ. ಅವರು ಕಾಫಿ ಲೋಟ ಕೆಳಗಿಟ್ಟರು.

"ನವಿಲಿನ ಕತ್ತು," ಎಂದರು. "ನಾನು ಕೊಂಡಾಗ ಹೀಗೇ ಇತ್ತು. ಅದರ ಮೇಲೆ ಗೇಟಿನ ಪೇಂಟ್ ಬಳಿದಿದಾರೆ, ಇವರ ಕೈ ಸೇದಿಹೋಗ."

ಕಣ್ಣು ಒರೆಸಿಕೊಂಡರು. ಥಿನ್ನರ್ ಹಚ್ಚಿ ಇನ್ನಷ್ಟು ತೆರೆಯೋಣವೆಂದು ಒಂದು ಮೂಲೆಯಲ್ಲಿ ಬಟ್ಟೆ ಒತ್ತಿದೆ. ಪೇಂಟಿನ ಜೊತೆ ಹೊದಿಕೆಯೂ ಬೆಲ್ಲದ ಪಾಕದಂತೆ ಅಂಟಂಟಾಯಿತು. ಬಟ್ಟೆ ಬಿಸಾಕಿದೆ. ಇಷ್ಟಕ್ಕೂ ಆ ಹೊಳಪು ಏನನ್ನೂ ಸಾಬೀತು ಮಾಡುವಂತಿರಲಿಲ್ಲ. ಅಂಥ ಪ್ಲಾಸ್ಟಿಕ್ಕನ್ನು ಇಲ್ಲಿಯವರೂ ಸುತ್ತುತ್ತಿದ್ದರು, ಕಾರ್ಯದರ್ಶಿ ಅದನ್ನು ಹೇಳದೆ ಬಿಡಲಿಲ್ಲ.

ಗುರುವಾರವೋ ಶುಕ್ರವಾರವೋ, ಬೇರೇನೂ ತೋಚದೆ ಅಳತೆ ತೆಗೆಯಲು ಕೂತೆ. ಲೋಕಲ್ ಶೆಲ್‌ಗಳನ್ನು, ಅಂದರೆ ಡ್ರಮ್ಮಿನ ಮರದ ಮೈಗಳನ್ನು, ನಾನು ಎಷ್ಟೋ ಅಳೆದಿದ್ದೇನೆ. ಅವು ಪೂರ್ತಿ ದುಂಡಗಿರುವುದಿಲ್ಲ. ಅಡ್ಡ ಅಳೆದರೆ ಒಂದು, ಉದ್ದ ಅಳೆದರೆ ಇನ್ನೊಂದು. ಮೇಲಿನ ಬಾಯಿ ಒಂದು ಥರ, ಕೆಳಗಿನದು ಇನ್ನೊಂದು ಥರ. ಈ ಮೊದಲ ಟಾಮ್ ಯಾವ ಕಡೆಯಿಂದ ಅಳೆದರೂ ಒಂದೇ. ಈಗಿನ ಅಳತೆಗಿಂತ ದೊಡ್ಡದು ನಿಜ, ಅಂಚಿನ ಸುತ್ತ ಒಂದು ರೂಪಾಯಿ ನಾಣ್ಯದ ದಪ್ಪಕ್ಕಿಂತ ಸ್ವಲ್ಪ ಜಾಸ್ತಿ. ತಿರುಗಿಸಿ ಕೆಳಗಿನ ಬಾಯಿ ಅಳೆದೆ, ಅಷ್ಟೇ. ಎರಡನೆಯದು, ಅಷ್ಟೇ. ಕಾಲಿನ ಟಾಮ್, ಅದೂ ಅಷ್ಟೇ. ಒಳಗೆ ಕೈಯಾಡಿಸಿದೆ. ತೆಳು ಪದರಗಳ ಶೆಲ್ಲಿಗೆ ಎರಡೂ ಅಂಚಿನಲ್ಲಿ ಗಟ್ಟಿ ಮರದ ಬಳೆ ಕೂರಿಸಿದ್ದರು, ಬಳೆಯ ಎರಡು ತುದಿ ಕೂಡುವಲ್ಲಿ ಉಗುರಿಗೆ ಸಂದು ಸಿಗುತ್ತಿರಲಿಲ್ಲ. ಬಾಸ್ ಡ್ರಮ್ಮಿನ ಒಳಗೂ ಅದೇ ಬಳೆ, ಅದೇ ಬಿಗಿ ಜೋಡಣೆ.

ಟೇಪು ಕೆಳಗಿಟ್ಟೆ. ಕೈತಪ್ಪಿ ಮಾಡಿದ್ದಾದರೆ ಒಂದೊಂದು ಕಡೆ ಒಂದೊಂದು ಥರ ತಪ್ಪಬೇಕಿತ್ತು. ಮೂರು ಟಾಮ್‌ನ ಎರಡೂ ಬಾಯಿಯಲ್ಲಿ ಇಷ್ಟು ಒಂದೇ ಸಮನಾಗಿ ತಪ್ಪುವ ಬಡಗಿ ಎಲ್ಲಿಯೂ ಇಲ್ಲ. ಇದು ಯಾರೋ ಬೇಕೆಂದೇ ಇಟ್ಟುಕೊಂಡಿದ್ದ ಅಳತೆ.

ಆಗ ನೆನಪಾಯಿತು, ನಮ್ಮ ಅಂಗಡಿಯ ಸೂರಿನಿಂದ ತೂಗುವ ರಿಮ್, ಹೆಡ್ಡನ್ನು ಬಿಗಿದು ಹಿಡಿಯುವ ಲೋಹದ ಬಳೆ. ಎರಕದ ಕಬ್ಬಿಣದಂತೆ ಭಾರ, ಮೇಲೆ ಇಂಗ್ಲೆಂಡಿನ ಕಂಪನಿಯೊಂದರ ಹೆಸರು ಅಚ್ಚಾಗಿದೆ. ಯಾವ ಡ್ರಮ್ಮಿಗೂ ಸರಿಹೋಗುವುದಿಲ್ಲವೆಂದು ಅಪ್ಪ ಅದನ್ನು ಹಗ್ಗದಲ್ಲಿ ಕಟ್ಟಿ, ಸುತ್ತ ಕೊಂಡಿ ಸಿಕ್ಕಿಸಿ, ಮೈಕಿನ ವೈರು ನೇತುಹಾಕಲು ಬಳಸುತ್ತಿದ್ದರು. ನಾನೂ ಅದನ್ನೇ ಮುಂದುವರಿಸಿದ್ದೆ. ವೈರುಗಳನ್ನೆಲ್ಲ ನೆಲಕ್ಕೆ ಸುರಿದು ರಿಮ್ ಬಿಚ್ಚಿಕೊಂಡು, ಆಟೋಗೂ ಕಾಯದೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹಾಲಿಗೆ ಬಂದೆ. ಚಿಕ್ಕ ಟಾಮ್ ಮೇಲಿಟ್ಟೆ. ಡಬ್ಬಿಗೆ ಅದರದೇ ಮುಚ್ಚಳ ಇಳಿದ ಹಾಗೆ ಇಳಿಯಿತು. ಬೋಲ್ಟಿನ ತೂತುಗಳೂ ಲಗ್‌ಗಳ ನೇರಕ್ಕೆ ಬಂದವು.

ಆಂಟಿ ಎದ್ದು ಬಂದು ರಿಮ್ ಮೇಲೆ ಬೆರಳಾಡಿಸಿದರು. "ಇಷ್ಟು ದಿನ ಎಲ್ಲಿಟ್ಟಿದ್ದೆ ಇದನ್ನ?"

"ತಲೆ ಮೇಲೆ," ಎಂದೆ.

ಯಾವ ಕಂಪನಿ ಎಂಬುದು ಗೊತ್ತಾಯಿತು. ಯಾವ ಕಾಲ ಎಂಬುದು ಗೊತ್ತಾಗಲಿಲ್ಲ. ಇಂಗ್ಲೆಂಡಿನಲ್ಲಿ ಅಂಥದ್ದನ್ನು ಕೇಳಿ ತಿಳಿಯಬಲ್ಲವರು ನನಗೆ ಗೊತ್ತಿದ್ದ ಮಟ್ಟಿಗೆ ಒಬ್ಬರೇ, ಅದೇ ಷೋರೂಮಿನ ಮ್ಯಾನೇಜರ್. ಪಕ್ಕದ ತಬಲಾ ಅಂಗಡಿಯವರು ಬೈದರು. "ಎದುರು ಪಾರ್ಟಿಗೆ ಹೋಗಿ ನಿನ್ನ ಪಾಯಿಂಟ್ ನೀನೇ ಹೇಳಿಕೊಡ್ತೀಯಾ? ತಲೆಗಿಲೆ ಕೆಟ್ಟಿದೆಯಾ?" ಕೆಟ್ಟಿತ್ತು ಅನ್ನಿ. ಭಾನುವಾರ ಎಲ್ಲರೆದುರು ಅರ್ಧ ಗೊತ್ತಿದ್ದ ಮಾತಾಡುವುದಕ್ಕಿಂತ ಪೂರ್ತಿ ತಿಳಿದು ಸೋತರೂ ಸರಿ ಎನ್ನಿಸಿತು. ಶನಿವಾರ ರಿಮ್ಮನ್ನೂ ಅಳತೆಗಳನ್ನೂ ತೆಗೆದುಕೊಂಡು ಆ ಹವಾನಿಯಂತ್ರಿತ ಷೋರೂಮಿಗೆ ಹೋಗಿ ಅವರ ಗಾಜಿನ ಮೇಜಿನ ಮೇಲೆ ಠಣ್ ಎಂದು ಇಟ್ಟೆ.

"ಲೋಕಲ್ ಬಡಗಿ ಇಷ್ಟು ನೇರಕ್ಕೆ ತಪ್ಪು ಮಾಡ್ತಾನಾ ಸರ್? ನೀವೇ ಹೇಳಿ."

ಅವರು ರಿಮ್ಮನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಕುತೂಹಲವಿತ್ತು. ಇಂಗ್ಲೆಂಡಿನಲ್ಲಿ ಹೊತ್ತು ಹುಟ್ಟಿ ಅಂಗಡಿ ತೆರೆಯುವವರೆಗೆ ಕಾದು, ತಮಗೆ ಮಾಲು ಕಳಿಸುವ ಅಲ್ಲಿಯ ವ್ಯಾಪಾರಿಗೆ ಫೋನ್ ಮಾಡಿದರು. ಮಾತು ಮುಗಿಸಿ ಫೋನಿಟ್ಟು ಮೀಸೆ ಸವರಿಕೊಂಡರು. "ನಾಳೆ ನಾನೂ ಬರ್ತೀನಿ," ಎಂದರು, ಅಷ್ಟೇ. ಏನು ಹೇಳುತ್ತಾರೋ ಎಂದು ನನಗೆ ಅನ್ನ ಸೇರಲಿಲ್ಲ.

ಭಾನುವಾರ ಹಾಲು ತುಂಬಿತ್ತು. ದೇಣಿಗೆಯವರೂ ಬಂದು ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ನಾನು ಟೇಪು ಹಿಡಿದು ಎಲ್ಲರೆದುರು ಮತ್ತೆ ಅಳೆದೆ, ರಿಮ್ ಕೂರಿಸಿ ತೋರಿಸಿದೆ. ಆಮೇಲೆ ಮ್ಯಾನೇಜರ್ ಎದ್ದು ನಿಂತರು.

"ಮೊನ್ನೆ ನಾನು ಹೇಳಿದ್ದು ತಪ್ಪು," ಎಂದರು. "ಈ ಕಂಪನಿಯವರು ಟಾಮ್‌ಗೆ ತಮ್ಮದೇ ಒಂದು ಅಳತೆ ಇಟ್ಕೊಂಡಿದ್ರು. ಅರವತ್ತರ ದಶಕ ಮುಗಿಯೋದ್ರೊಳಗೆ ಅದನ್ನ ಬಿಟ್ಟು ಎಲ್ಲರ ಅಳತೆಗೆ ಬಂದ್ರು. ಹೆಡ್ ಕೂರಲ್ಲ ಅಂದ್ರೆ ಇದು ಅದಕ್ಕಿಂತ ಹಿಂದಿನದು. ನಿಮ್ಮ ಸಂಘ ಆಗ ಇರ್ಲಿಲ್ಲ."

ಆಂಟಿ ಕಾರ್ಯದರ್ಶಿಯ ಕಡೆ ತಿರುಗಿದರು. "ಪೇಪರ್ ಬಿಚ್ಚಿದ್ದೆ ಅಂದ್ಯಲ್ಲಪ್ಪಾ, ಯಾವುದರದ್ದು? ನಮ್ಮನೇಲಿ ನಾನು ಕೊಟ್ಟ ಕೊಬ್ಬರಿ ಮಿಠಾಯಿದಾ?"

ಕಾರ್ಯದರ್ಶಿಯ ಮುಖ ಹುಳ್ಳಗಾಯಿತು. ಆದರೆ ಆ ಮನುಷ್ಯ ಅಷ್ಟಕ್ಕೆ ಬಿಡುವವರಲ್ಲ. ದೇಣಿಗೆಯವರ ಕಿವಿಯಲ್ಲಿ ಏನೋ ಹೇಳಿ ಎದ್ದರು. ಹಾಗಾದರೆ ಇದು ಅಪರೂಪದ ವಸ್ತು, ಮನೆಯಲ್ಲಿ ಹಾಳಾಗುತ್ತದೆ, ಹೊಸ ಕಟ್ಟಡದಲ್ಲಿ ಗಾಜಿನ ಕಪಾಟು ಮಾಡಿಸಿ ಇಡೋಣ, ಪಕ್ಕದಲ್ಲಿ ಅಕ್ಕನವರ ಫೋಟೋ, ಕೆಳಗೆ ಹೆಸರು ಎಂದರು. ಕೆಲವರು ಚಪ್ಪಾಳೆಯನ್ನೂ ತಟ್ಟಿದರು.

"ಗಾಜಿನೊಳಗೆ ಫೋಟೋ ಇಡೋಕೆ ನಾನಿನ್ನೂ ಸತ್ತಿಲ್ಲ," ಎಂದರು ಆಂಟಿ. "ಆಟೋ ಕರೀರಿ. ಎರಡು ಬೇಕಾಗತ್ತೆ."

ಸ್ಟ್ಯಾಂಡು, ಪೆಡಲು ಸಂಘದ್ದೆಂದು ಅವರು ಉಳಿಸಿಕೊಂಡರು. ಬೇಡಲು ಹೋಗಲಿಲ್ಲ, ನಮ್ಮ ಅಂಗಡಿಯಿಂದ ಹೊಂದಿಸಿದೆ. ಅಂಗಡಿಯಲ್ಲಿ ಆಂಟಿಯೂ ನಾನೂ ಕೂತು ಪ್ಲಾಸ್ಟಿಕ್ ಸ್ಕೇಲಿನ ಅಂಚಿನಿಂದ ಎನಾಮಲ್ ಕೆರೆದೆವು. ಹೊದಿಕೆಯ ಮೇಲೆ ಪೇಂಟು ಸರಿಯಾಗಿ ಕಚ್ಚಿರಲಿಲ್ಲ, ಒಣಗಿದ ದೋಸೆಯ ಸೀಕಲಿನಂತೆ ಎದ್ದುಬಂತು. ಸಂಜೆಯ ಹೊತ್ತಿಗೆ ಮೂರು ಟಾಮ್‌ಗಳೂ ನವಿಲಿನ ಕತ್ತಾಗಿ ಹೊಳೆಯುತ್ತಿದ್ದವು. ಇಂಥದ್ದು ನನ್ನ ಕೈಗೆ ಹಿಂದೆಂದೂ ಬಂದಿರಲಿಲ್ಲ. ಎಲ್ಲರನ್ನೂ ಎದುರು ಹಾಕಿಕೊಂಡು ಉಳಿಸಿದ್ದು ಎಂಬ ಜಂಬವೂ ಇತ್ತು.

"ಇನ್ನು ಹೆಡ್ ಹಾಕು," ಎಂದರು ಆಂಟಿ.

ಹಳೇ ಅಳತೆಯ ಹೆಡ್ ಇಂಗ್ಲೆಂಡಿನಿಂದ ತರಿಸಬೇಕು, ಹಬ್ಬಕ್ಕೆ ಬರುವುದಿಲ್ಲ. ಮೃದಂಗದವರ ಹತ್ತಿರ ಚರ್ಮ ಕಟ್ಟಿಸಿ ಕೊಡುತ್ತೇನೆ ಎಂದೆ. ಅವರು ತಲೆಯಾಡಿಸಿದರು.

"ಗಣೇಶನ ಹಬ್ಬ ಅಂದ್ರೆ ಮಳೆ. ಮಳೇಲಿ ಚರ್ಮ ಒದ್ದೆ ಚಪಾತಿ ಆಗತ್ತೆ. ಆಗೆಲ್ಲ ಹಾಡು ಹಾಡಿನ ಮಧ್ಯೆ ಕೆಂಡದ ಮುಂದೆ ಹಿಡೀತಿದ್ವಿ. ಅದನ್ನೂ ಮಾಡ್ತೀನಿ ಅನ್ಕೋ. ಆದ್ರೆ ಈ ಎಡಗೈಗೆ ಕೋಲು ತಾನಾಗೇ ಎದ್ದು ಬರ್ಬೇಕು ಕಣಮ್ಮ. ಪ್ಲಾಸ್ಟಿಕ್ಕೇ ಬೇಕು. ಅಂಚು ಕೆತ್ತಿಬಿಡು."

"ಆಂಟಿ, ಆ ಅಂಚೇ ಸಾಕ್ಷಿ. ಅದನ್ನ ಕೆತ್ತಿದ್ರೆ ನಾಳೆ ಯಾರು ನೋಡಿದ್ರೂ ಲೋಕಲ್ ಅಂತಾರೆ."

"ಕೇಸ್ ಗೆದ್ದಾಯ್ತಲ್ಲ, ಸಾಕ್ಷಿ ಕೆಲಸ ಮುಗೀತು. ಅವನು ಗಾಜಿನ ಕಪಾಟು ಅಂದ, ನೀನು ಸಾಕ್ಷಿ ಅಂತೀಯ. ಬಾರಿಸೋಕೆ ಬಿಡಲ್ಲ ಅನ್ನೋದ್ರಲ್ಲಿ ನಿಮ್ಮಿಬ್ಬರಿಗೂ ಏನು ವ್ಯತ್ಯಾಸ?"

ಮೈಯೆಲ್ಲ ಉರಿಯಿತು. ಆ ಕಾರ್ಯದರ್ಶಿಯ ಜೊತೆ ನನ್ನನ್ನು ಸೇರಿಸಿದ್ದಕ್ಕೆ ಒಂದು ದಿನ ಅವರ ಜೊತೆ ಮಾತಾಡಲಿಲ್ಲ. ಮರುದಿನ ಬೆಳಗ್ಗೆ ಫೋನ್ ಮಾಡಿ, ಮೇಲಿನ ಅಂಚು ಮಾತ್ರ ಕೆತ್ತುತ್ತೇನೆ, ಕೆಳಗಿನದನ್ನು ಮುಟ್ಟುವುದಿಲ್ಲ, ಕೆಳಗೆ ಹೆಡ್ ಇಲ್ಲದೆ ಬಾರಿಸಿ ಎಂದೆ. "ಕೆಳಗೆ ಯಾರು ನೋಡ್ತಾರೆ, ಇಟ್ಕೋ," ಎಂದರು.

ಬ್ಲೇಡಿನಿಂದ ಹೊದಿಕೆಯನ್ನು ಅಂಚಿನ ಸುತ್ತ ಎರಡು ಬೆರಳಗಲ ಕತ್ತರಿಸಿ ತೆಗೆದೆ. ಕೈಗೆ ಸುರುಳಿ ಬಂದಾಗ ಅಳು ಬಂತು, ಅತ್ತುಬಿಟ್ಟೆ. ಆಮೇಲೆ ಮರದ ಮೇಲಿನ ಪದರವನ್ನು ಉಪ್ಪುಕಾಗದದಿಂದ ಉಜ್ಜುತ್ತ, ಹೆಡ್ ಇಟ್ಟು ನೋಡುತ್ತ, ಮತ್ತೆ ಉಜ್ಜುತ್ತ ಹೋದೆ. ಕೂತಿತು. ಬೆರಳಿನಿಂದ ತಟ್ಟಿದರೆ ಆ ಹಳೇ ಮರ ಎದೆಯೊಳಗಿಂದ ಮಾತಾಡಿದಂತೆ ಗುಂಯ್ ಎಂದಿತು.

ಪಕ್ಕದ ಬೀದಿಯ ಪೆಂಡಾಲಿನಲ್ಲಿ ಆ ಸಂಜೆ ಮಳೆ ಬಂತು. ನಾಲ್ಕು ಜನ ವಯಸ್ಸಾದ ಹೆಂಗಸರು ಸೆರಗು ಸಿಕ್ಕಿಸಿ ವೇದಿಕೆ ಹತ್ತಿದರು. ಜನ ಛತ್ರಿ ಹಿಡಿದು ನಿಂತು ಕೇಳಿದರು. ಎಡಗೈ ಒಂದೆರಡು ಕಡೆ ತಪ್ಪಿತು, ಆಂಟಿ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಆಯುಧಪೂಜೆಯ ದಿನ ನನ್ನನ್ನು ಮನೆಗೆ ಕರೆದರು. ಅಂದು ನಮ್ಮ ಕಡೆ ಯಾರೂ ಕಸುಬಿನ ವಸ್ತು ಮುಟ್ಟುವುದಿಲ್ಲ. ಅಂಗಡಿಯಲ್ಲಿ ನಾನೂ ಸ್ಕ್ರೂಡ್ರೈವರ್, ಸುತ್ತಿಗೆಗಳನ್ನು ತೊಳೆದು, ಸಾಲಾಗಿ ಮಲಗಿಸಿ, ಹೂವಿಟ್ಟು ಬಂದಿದ್ದೆ. ವರ್ಷವಿಡೀ ದುಡಿದ ಆಯುಧಕ್ಕೆ ಅದೊಂದು ದಿನ ವಿಶ್ರಾಂತಿ. ಆಂಟಿಯ ನಡುಮನೆಯಲ್ಲಿ ಡ್ರಮ್ಸ್ ಇತ್ತು. ಪೇಂಟಿಲ್ಲ, ವಿಭೂತಿಯ ಗೆರೆಯಿಲ್ಲ, ಒಂದೊಂದು ಡ್ರಮ್ಮಿಗೆ ಒಂದೊಂದು ಚಿಕ್ಕ ಕುಂಕುಮದ ಬೊಟ್ಟು. ಮಂಗಳಾರತಿ ಆಯಿತು, ಕುಂಬಳಕಾಯಿ ಒಡೆದದ್ದಾಯಿತು. ಪ್ರಸಾದ ಕೈಗೆ ಹಾಕಿದ ಮೇಲೆ ಆಂಟಿ ಸೆರಗು ಸಿಕ್ಕಿಸಿಕೊಂಡು ಸ್ಟೂಲಿನ ಮೇಲೆ ಕೂತು ಕೋಲು ಎತ್ತಿದರು.

"ಆಂಟಿ, ಇವತ್ತು ಮುಟ್ಟಬಾರದು," ಎಂದೆ. "ಇವತ್ತು ಅವಕ್ಕೆ ರೆಸ್ಟು."

"ಅಷ್ಟು ವರ್ಷ ಆ ಹಾಲಿನಲ್ಲಿ ರೆಸ್ಟ್ ತಗೊಂಡಿದಾವಲ್ಲ," ಎಂದರು, "ಸಾಕು." ಬೀದಿಯ ಕಡೆಯ ಕಿಟಕಿ ತೆಗೆಯಲು ನನಗೆ ಕಣ್ಣಲ್ಲೇ ಹೇಳಿ ಬಾರಿಸತೊಡಗಿದರು.